ಮೊದಲು ಹೊಗೆಯ ದಾರಿ, ಆಮೇಲೆ ಬೆಂಕಿ

ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ ಆ ಕಡೆ ಈ ಕಡೆ ಗಟ್ಟಿ ಸದ್ದು, ನಡುವೆ ಮಾತ್ರ ಟೊಳ್ಳು. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಕಾಲದ ಸಾಲುಮನೆ ಕೊಂಡವರಿಗೆ ಈ ಟೊಳ್ಳಿನ ಪರಿಚಯ ಬೇಗ ಆಗುತ್ತದೆ. ಹಜಾರದ ಗೋಡೆಯಿಂದ ಎದೆಯುಬ್ಬಿಸಿದಂತೆ ಮುಂದೆ ಬಂದ ಇಟ್ಟಿಗೆಯ ಭಾಗ, ಅದರ ಬುಡಕ್ಕೆ ಹಲಗೆ ಹೊಡೆದು ಬಣ್ಣ ಬಳಿದ ಚೌಕ. ಹಲಗೆಯ ಹಿಂದೆ ಇಟ್ಟಿಗೆ ಚೂರು, ಒಣಕಡ್ಡಿ, ಹಕ್ಕಿಯ ಪುಕ್ಕ, ಬಕೆಟ್‌ಗಟ್ಟಲೆ ಮಸಿ. ಅದೃಷ್ಟವಿದ್ದರೆ ಎರಕದ ಕಬ್ಬಿಣದ ಹಳೆಯ ಅಗ್ಗಿಷ್ಟಿಕೆಯೂ ಸಿಕ್ಕೀತು. ಅಲ್ಲಿ ನೆಲೆಸಿ ಹಳೇ ಮನೆ ಕೊಂಡ ಕನ್ನಡ ಕುಟುಂಬಗಳಿಗೂ ಡಿಸೆಂಬರಿನ ಚಳಿಯಲ್ಲಿ ಇದನ್ನು ತೆರೆದು ಬೆಂಕಿ ಹಾಕುವ ಆಸೆ ಹುಟ್ಟುತ್ತದೆ.

ಆಸೆ ಒಳ್ಳೆಯದೇ. ಆದರೆ ಹಲಗೆ ಬಿಚ್ಚಿದ ಸಂಜೆಯೇ ನಾಲ್ಕು ಕಟ್ಟಿಗೆ ಒಟ್ಟಿ ಕಡ್ಡಿ ಗೀರಬಾರದು.

ಅಸ್ತ್ರ ಒಲೆಯಲ್ಲಿ ಅಡುಗೆ ಮಾಡಿದ ಮನೆಗಳವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹಳ್ಳಿಗಳಿಗೆ ಬಂದ ಆ ಒಲೆಯ ಜೀವವೆಲ್ಲ ಅದರ ಕೊಳವೆಯಲ್ಲಿತ್ತು. ಕೊಳವೆಯಲ್ಲಿ ಮಸಿ ಕಟ್ಟಿದ ದಿನ ಹೊಗೆ ಅಡುಗೆಮನೆಗೇ ತಿರುಗುತ್ತಿತ್ತು. ಅಗ್ಗಿಷ್ಟಿಕೆಯದೂ ಅದೇ ಲೆಕ್ಕ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಸೆಳೆತಕ್ಕೆ ಕೋಣೆಯ ಗಾಳಿ ಬೆಂಕಿಯೊಳಗೆ ನುಗ್ಗುತ್ತದೆ. ಹೊಗೆದಾರಿ ಬಿರುಕು ಬಿಟ್ಟಿದ್ದರೆ, ಕಟ್ಟಿಕೊಂಡಿದ್ದರೆ ಅಥವಾ ತಣ್ಣಗಿದ್ದರೆ ಸೆಳೆತ ಸೋಲುತ್ತದೆ. ಹೊಗೆಯಾದರೆ ಕಣ್ಣುರಿಸಿ ಎಚ್ಚರಿಸುತ್ತದೆ. ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಳಗಿನ ಕೋಣೆಯಲ್ಲಿ ಉರಿದ ಬೆಂಕಿಯ ವಿಷಗಾಳಿ ಮೇಲಿನ ಮಲಗುವ ಕೋಣೆಗೋ ಪಕ್ಕದ ಮನೆಗೋ ಸೇರಬಹುದು.

ಈ ಅಗ್ಗಿಷ್ಟಿಕೆಗಳು ಬಾಯಿ ಮುಚ್ಚಿದ್ದಕ್ಕೂ ಹೊಗೆಯೇ ಕಾರಣ. 1952ರ ಡಿಸೆಂಬರ್ 5ರಿಂದ ಐದು ದಿನ ಲಂಡನ್ ನಗರ ಕಲ್ಲಿದ್ದಲ ಹೊಗೆ ಮತ್ತು ಮಂಜು ಬೆರೆತ ಮಬ್ಬಿನಲ್ಲಿ ಮುಳುಗಿತು; ಸಾವಿರಾರು ಮಂದಿ ಸತ್ತರು. ಅದರ ಬೆನ್ನಿಗೆ 1956ರಲ್ಲಿ ಶುದ್ಧಗಾಳಿ ಕಾಯ್ದೆ ಬಂತು. ಹೊಗೆ ನಿಯಂತ್ರಣ ಪ್ರದೇಶಗಳು ಹುಟ್ಟಿದವು. ಮುಂದಿನ ಎರಡು ದಶಕಗಳಲ್ಲಿ ಉತ್ತರ ಸಮುದ್ರದ ಅನಿಲ ಮನೆಮನೆಗೆ ಹರಿದು, ರೇಡಿಯೇಟರುಗಳು ಗೋಡೆ ಹತ್ತಿ, ಒಲೆಬಾಯಿಗಳಿಗೆ ಹಲಗೆ ಬಿತ್ತು. ಹೀಗೆ ಮುಚ್ಚಿದ ಎಷ್ಟೋ ಚಿಮಣಿಗಳಲ್ಲಿ ಐವತ್ತು ವರ್ಷದಿಂದ ಬೆಂಕಿಯಿಲ್ಲ, ಆದರೆ ಮಳೆ ಇಳಿಯುತ್ತಲೇ ಇದೆ.

ಚಿಮಣಿಯೊಳಗೆ ಇರುವುದೇನು ಎಂಬುದು ಮೊದಲು ತಿಳಿದಿರಲಿ. ಪ್ರತಿ ಕೋಣೆಯ ಒಲೆಗೂ ಅದರದೇ ಒಂದು ಹೊಗೆದಾರಿ. ಸಾಮಾನ್ಯವಾಗಿ ಒಂಬತ್ತು ಅಂಗುಲ ಚದರ. ಕೆಳಗಿನ ಕೋಣೆಯ ದಾರಿ ಮೇಲಿನ ಕೋಣೆಯ ಒಲೆಯನ್ನು ಬಳಸಿಕೊಂಡು ಬಾಗಿ ಹೋಗುತ್ತದೆ. ಸೂರಿನ ಮೇಲೆ ನಾಲ್ಕು, ಆರು, ಎಂಟು ಮಣ್ಣಿನ ಕುಂಡಗಳು ಸಾಲಾಗಿ ಕಾಣುವುದು ಇದಕ್ಕೇ. ದಾರಿ ದಾರಿಗಳ ನಡುವೆ ಇರುವುದು ನಾಲ್ಕೂವರೆ ಅಂಗುಲದ ಒಂದೇ ಇಟ್ಟಿಗೆಯ ತಡೆ. ಒಳಮೈಗೆ ಆ ಕಾಲದ ಮೇಸ್ತ್ರಿಗಳು ಬಳಿಯುತ್ತಿದ್ದುದು ಸುಣ್ಣದ ಗಾರೆಗೆ ದನದ ಸಗಣಿ ಕಲಸಿದ ಲೇಪ. ಅಂಗಳಕ್ಕೆ ಸಗಣಿ ಸಾರಿಸಿ ಬೆಳೆದವರಿಗೆ ಇದು ಅಚ್ಚರಿಯಾಗದು: ಸಗಣಿಯ ನಾರು ಗಾರೆಯನ್ನು ಹಿಡಿದಿಡುತ್ತದೆ, ಬಿಸಿಗೆ ಬಿರಿಯದಂತೆ ನೋಡಿಕೊಳ್ಳುತ್ತದೆ. ಒಳಕೊಳವೆಯ ಕಡ್ಡಾಯ ಬಂದದ್ದು 1965ರ ಕಟ್ಟಡ ನಿಯಮಾವಳಿಯಿಂದ. ಅದಕ್ಕೂ ಹಿಂದಿನ ಮನೆಗಳಿಗೆ ಈ ಲೇಪವೇ ಕಾವಲು.

ನೂರು ವರ್ಷ ಕಲ್ಲಿದ್ದಲು ಉರಿದ ಮೇಲೆ ಆ ಲೇಪ ಉಳಿದಿರುವುದು ಅಪರೂಪ. ಕಲ್ಲಿದ್ದಲ ಗಂಧಕ ನೀರಾವಿಯೊಂದಿಗೆ ಆಮ್ಲವಾಗಿ ಗಾರೆಯನ್ನು ತಿನ್ನುತ್ತದೆ. ಸಲ್ಫೇಟು ಕುಡಿದ ಗಾರೆ ಒದ್ದೆಯಾದಾಗ ಉಬ್ಬುತ್ತದೆ. ಮಳೆ ಬಡಿಯುವ ಮಗ್ಗುಲು ಹೆಚ್ಚು ಉಬ್ಬುವುದರಿಂದ ಕೆಲವು ಹಳೆಯ ಚಿಮಣಿಗಳು ಎದುರು ಮಗ್ಗುಲಿಗೆ ವಾಲಿ ನಿಂತಿರುವುದನ್ನು ಬೀದಿಯಿಂದಲೇ ಕಾಣಬಹುದು. ಅಂಥದಕ್ಕೆ ಒಳಗೆ ಕೊಳವೆ ಇಳಿಸಿ ಪ್ರಯೋಜನವಿಲ್ಲ, ಬಿಚ್ಚಿ ಕಟ್ಟಬೇಕು.

ಖರ್ಚಿಗೆ ಕೈಹಾಕುವ ಮುನ್ನ ಏನನ್ನು ಉರಿಸುವುದು ಎಂಬ ತೀರ್ಮಾನವಾಗಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ. ಲಂಡನ್ನಿನ ಬಹುಭಾಗವೂ ಇತರ ಹಲವು ದೊಡ್ಡ ಊರುಗಳೂ ಇಂದಿಗೂ ಹೊಗೆ ನಿಯಂತ್ರಣ ಪ್ರದೇಶಗಳೇ. ಅಲ್ಲಿ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸುವಂತಿಲ್ಲ; ಅನುಮತಿ ಪಡೆದ ಹೊಗೆರಹಿತ ಇಂಧನ ಬೇಕು, ಇಲ್ಲವೇ ವಿನಾಯಿತಿ ಪಟ್ಟಿಯಲ್ಲಿರುವ ಮುಚ್ಚಿದ ಸ್ಟೌ ಬೇಕು. ಇಂಗ್ಲೆಂಡಿನ ಇಂಥ ಪ್ರದೇಶಗಳಲ್ಲಿ ಚಿಮಣಿಯಿಂದ ಹೊಗೆ ಬಿಟ್ಟರೆ ಸ್ಥಳೀಯ ಆಡಳಿತ 175ರಿಂದ 300 ಪೌಂಡ್‌ವರೆಗೆ ದಂಡ ಹಾಕಬಹುದು. ಮನೆಬಳಕೆಯ ಸಾಂಪ್ರದಾಯಿಕ ಕಲ್ಲಿದ್ದಲ ಮಾರಾಟ 2023ರ ಮೇ ತಿಂಗಳಿಂದ ನಿಂತಿದೆ. ತೆರೆದ ಬೆಂಕಿಯ ಚೆಲುವು ದೊಡ್ಡದು, ಆದರೆ ಅದರ ಬಿಸಿಯ ಬಹುಪಾಲು ಚಿಮಣಿಯಲ್ಲೇ ಹೋಗುತ್ತದೆ. ನಿಜಕ್ಕೂ ಕೋಣೆ ಬೆಚ್ಚಗಾಗಬೇಕು ಎನ್ನುವವರಿಗೆ ಗಾಜಿನ ಬಾಗಿಲಿನ ಸ್ಟೌ ಮೇಲು. ನೆರೆಯವರ ಶ್ವಾಸಕೋಶಕ್ಕೂ ಅದೇ ಹಿತ.

ಇನ್ನು ತೆರೆಯುವ ಕೆಲಸ. ಮೊದಲ ಅಪಾಯ ಬೆಂಕಿಯದಲ್ಲ, ಮುಚ್ಚಿದ ಹಲಗೆಯದು. 1960–70ರ ದಶಕಗಳಲ್ಲಿ ಒಲೆಬಾಯಿಗೆ ಹೊಡೆದ ಹಲಗೆ ಕಲ್ನಾರಿನದಾಗಿರಬಹುದು. ಬ್ರಿಟನ್ನಿನಲ್ಲಿ ಕಲ್ನಾರಿಗೆ ಸಂಪೂರ್ಣ ನಿಷೇಧ ಬಂದದ್ದು 1999ರಲ್ಲಿ. ಬೂದುಬಣ್ಣದ, ಸೀಮೆಸುಣ್ಣದಂತೆ ಮೆತ್ತಗಿನ ಹಲಗೆ ಕಂಡರೆ ಗರಗಸ ಆಡಿಸದೆ, ಒಡೆಯದೆ, ಮಾದರಿಯನ್ನು ಪರೀಕ್ಷೆಗೆ ಕೊಡಿಸಬೇಕು. ಎರಡನೆಯದಾಗಿ ಅಟ್ಟ ಹತ್ತಿ ನೋಡಬೇಕು. ಹಿಂದಿನ ಮಾಲೀಕರು ಜಾಗ ಹಿಗ್ಗಿಸಲು ಒಂದು ಮಹಡಿಯಲ್ಲಿ ಚಿಮಣಿಯ ಎದೆಗೋಡೆಯನ್ನು ಕಿತ್ತುಹಾಕಿ, ಮೇಲಿನ ಟನ್‌ಗಟ್ಟಲೆ ಇಟ್ಟಿಗೆಯನ್ನು ಸರಿಯಾದ ಆಸರೆಯಿಲ್ಲದೆ ಬಿಟ್ಟಿರುವುದುಂಟು. ಹಾಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಸಾಲುಮನೆಯ ಚಿಮಣಿ ನೆರೆಮನೆಯೊಂದಿಗೆ ಹಂಚಿಕೊಂಡದ್ದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ ಅವರಿಗೆ ನೋಟಿಸು ಕೊಡಬೇಕಾದೀತು.

ಆಮೇಲೆ ಚಿಮಣಿ ಗುಡಿಸುವವರ ಸರದಿ. ಒಂದು ಕಾಲದಲ್ಲಿ ಈ ಒಂಬತ್ತು ಅಂಗುಲದ ಕತ್ತಲೆಗೆ ಪುಟ್ಟ ಹುಡುಗರನ್ನು ಹತ್ತಿಸುತ್ತಿದ್ದರು. 1875ರಲ್ಲಿ ಕೇಂಬ್ರಿಜ್ ಬಳಿಯ ಫುಲ್ಬೋರ್ನ್‌ನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಹೊಗೆದಾರಿಯಲ್ಲಿ ಸಿಕ್ಕಿಬಿದ್ದು ಸತ್ತ ಮೇಲೆ, ಅದೇ ವರ್ಷ ಬಂದ ಕಾಯ್ದೆ ಆ ಕ್ರೌರ್ಯವನ್ನು ಕೊನೆಗಾಣಿಸಿತು. ಈಗ ಬ್ರಷ್ಷು, ತಿರುಗುವ ನೈಲಾನ್ ಎಳೆ, ವ್ಯಾಕ್ಯೂಮ್, ಕ್ಯಾಮೆರಾ. ಹೊರಬರುವ ರಾಶಿಯಲ್ಲಿ ಜಾಕ್‌ಡಾ ಎಂಬ ಸಣ್ಣ ಕಾಗೆಗಳ ಗೂಡು ಇದ್ದೇ ಇರುತ್ತದೆ ಎನ್ನಬಹುದು. ಕಡ್ಡಿಯೊಂದು ಸಿಕ್ಕಿಕೊಳ್ಳುವ ತನಕ ಅವು ಮೇಲಿನಿಂದ ಕಡ್ಡಿ ಹಾಕುತ್ತಲೇ ಇರುತ್ತವೆ. ಹಾಗಾಗಿ ಗೂಡು ಕೆಲವೊಮ್ಮೆ ಮೀಟರುಗಳಷ್ಟು ಆಳವಿರುತ್ತದೆ. ಹಕ್ಕಿ ವಾಸವಿರುವ ಗೂಡನ್ನು ಕೆಡಹುವುದು 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆದ್ದರಿಂದ ವಸಂತದಲ್ಲಿ ಈ ಕೆಲಸ ಎತ್ತಿಕೊಳ್ಳದೆ ಬೇಸಿಗೆ ಕೊನೆಗೆ ಇಟ್ಟುಕೊಳ್ಳುವುದು ಜಾಣತನ.

ಗುಡಿಸಿದ ಮೇಲೆ ಹೊಗೆ ಪರೀಕ್ಷೆ. ಲೈನರ್ ಎಂಬ ಒಳಕೊಳವೆ ಬೇಕೇ ಬೇಡವೇ ಎಂದು ಹೇಳುವುದು ಇದೇ; ಮಾರಾಟಗಾರರ ಮಾತಲ್ಲ. ಹೊಗೆದಾರಿಯನ್ನು ಸ್ವಲ್ಪ ಹೊತ್ತು ಬಿಸಿ ಮಾಡಿ, ಬುಡದಲ್ಲಿ ದಟ್ಟ ಹೊಗೆ ಬಿಡುವ ಗುಳಿಗೆ ಹಚ್ಚುತ್ತಾರೆ. ತುದಿಯಲ್ಲಿ ಹೊಗೆ ಕಂಡ ಕೂಡಲೇ ಮೇಲೂ ಕೆಳಗೂ ಮುಚ್ಚುತ್ತಾರೆ. ಆಮೇಲೆ ಒಬ್ಬರು ಮಲಗುವ ಕೋಣೆಗೆ, ಒಬ್ಬರು ಅಟ್ಟಕ್ಕೆ, ಸಾಧ್ಯವಾದರೆ ಮತ್ತೊಬ್ಬರು ಪಕ್ಕದ ಮನೆಗೆ ಹೋಗಿ ಚಿಮಣಿ ಗೋಡೆಯುದ್ದಕ್ಕೂ ನೋಡುತ್ತಾರೆ. ಎಲ್ಲಿಯೂ ಹೊಗೆ ಜಿನುಗದಿದ್ದರೆ, ಕ್ಯಾಮೆರಾದಲ್ಲಿ ಇಟ್ಟಿಗೆಯ ಸಂದು ತುಂಬಿಕೊಂಡೇ ಕಂಡರೆ, ತೆರೆದ ಬೆಂಕಿಗೆ ಆ ದಾರಿಯನ್ನು ಹಾಗೆಯೇ ಬಳಸಬಹುದು. ಪ್ರತಿ ಹಳೇ ಚಿಮಣಿಗೂ ಲೈನರ್ ಬೇಕೆಂಬುದು ನಿಜವಲ್ಲ. ಆದರೆ ಗೋಡೆಯ ಮೇಲೆ ಕಂದು ಕಲೆ, ಮಸಿ ವಾಸನೆ, ಅಟ್ಟದಲ್ಲಿ ಬೆರಳಿಗೆ ಉದುರುವ ಗಾರೆ ಕಂಡಲ್ಲಿ ಲೈನರ್ ಬೇಡವೆಂದು ವಾದಿಸುವುದು ಅಪಾಯ.

ಕೊಳವೆಗೂ ಮೊದಲು ಚಿಮಣಿಯ ತಲೆ ರಿಪೇರಿ. ಅಟ್ಟಣಿಗೆ ಕಟ್ಟುವುದೇ ದುಬಾರಿಯಾಗುವುದರಿಂದ ಮೇಲಿನ ಕೆಲಸವೆಲ್ಲ ಒಂದೇ ಬಾರಿಗೆ ಮುಗಿಯಲಿ. ಬಿರುಕು ಬಿಟ್ಟ ಕುಂಡ ಬದಲಿಸಬೇಕು; ಕುಂಡದ ಸುತ್ತ ನೀರಿಳಿಯಲು ಹಾಕಿದ ಇಳಿಜಾರು ಗಾರೆಯನ್ನು ಹೊಸದಾಗಿ ಕಟ್ಟಬೇಕು; ಚಿಮಣಿಯೂ ಹೆಂಚೂ ಕೂಡುವಲ್ಲಿ ಮಡಿಸಿದ ಸೀಸದ ತಗಡು ಹರಿದಿದೆಯೇ ನೋಡಬೇಕು. ಇಟ್ಟಿಗೆಯ ಸಂದುಗಳನ್ನು ಕೆರೆದು ಮತ್ತೆ ತುಂಬುವಾಗ ಸಿಮೆಂಟ್ ಬೇಡ. ಹಳೆಯ ಮೆತ್ತನೆ ಇಟ್ಟಿಗೆ ಕುಡಿದ ನೀರು ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಬಿಗಿದರೆ ಆ ನೀರು ಇಟ್ಟಿಗೆಯಲ್ಲೇ ನಿಂತು, ಹಿಮಗಟ್ಟುವ ರಾತ್ರಿಯಲ್ಲಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಸೀಳಿ ಉದುರಿಸುತ್ತದೆ. ಅಗ್ಗವೆಂದು ಸಿಮೆಂಟ್ ಮೆತ್ತಿಸಿಕೊಂಡವರಿಗೆ ಹತ್ತು ವರ್ಷದೊಳಗೆ ಇಟ್ಟಿಗೆಯನ್ನೇ ಬದಲಿಸುವ ಪ್ರಸಂಗ ಬಂದೀತು. ಮನೆ ಪಾರಂಪರಿಕ ಪಟ್ಟಿಯಲ್ಲಿದ್ದರೆ ಕುಂಡ ಬದಲಿಸುವುದಕ್ಕೂ ಅನುಮತಿ ಕೇಳಬೇಕಾಗುತ್ತದೆ.

ಈಗ ಲೈನರ್. ಮುಚ್ಚಿದ ಸ್ಟೌ ಇಡುವವರು ಹೆಚ್ಚಾಗಿ ಆರಿಸುವುದು ಬಳುಕುವ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ. ಎರಡು ಪದರ, ಒಳಮೈ ನುಣುಪು, ಹೊರಮೈ ಸುಕ್ಕು. ಸಾಮಾನ್ಯ ವ್ಯಾಸ 150 ಮಿ.ಮೀ. ಬರೀ ಸೌದೆಗೆ 316 ದರ್ಜೆಯ ಉಕ್ಕು ಸಾಕಾಗುತ್ತದೆ. ಹೊಗೆರಹಿತ ಗಟ್ಟಿ ಇಂಧನವನ್ನೂ ಉರಿಸುವುದಾದರೆ ಆಮ್ಲಕ್ಕೆ ಹೆಚ್ಚು ತಾಳುವ 904 ದರ್ಜೆ ಬೇಕು. ಈ ಎರಡರ ಬೆಲೆಯ ವ್ಯತ್ಯಾಸ ನೋಡಿ ಕೈ ಹಿಂದೆಗೆಯುವವರಿದ್ದಾರೆ. ಒಳಗೆ ತೂತಾದ ಕೊಳವೆಯನ್ನು ಎಳೆದು ತೆಗೆದು ಹೊಸತು ಇಳಿಸುವ ಖರ್ಚಿಗೆ ಹೋಲಿಸಿದರೆ ಅದು ದೊಡ್ಡದಲ್ಲ. ಅಳವಡಿಸುವ ದಿನ ಇಬ್ಬರು ಬೇಕು. ಕೊಳವೆಯ ತುದಿಗೆ ಶಂಕುವಿನಾಕಾರದ ಮೂತಿ ಕಟ್ಟಿ, ಹಗ್ಗ ಕೆಳಗಿಳಿಸಿ, ಮೇಲಿನವರು ದೂಡುತ್ತಿದ್ದಂತೆ ಕೆಳಗಿನವರು ಎಳೆಯುತ್ತಾರೆ. ಕೊಳವೆಯ ಮೇಲೆ ಮುದ್ರಿಸಿರುವ ಬಾಣದ ಗುರುತು ತಲೆಕೆಳಗಾಗಬಾರದು. ತಲೆಕೆಳಗಾದರೆ ಒಳಪದರದ ಸಂದಿನಲ್ಲಿ ಡಾಂಬರಿನಂಥ ಜಿಡ್ಡು ನಿಲ್ಲುತ್ತದೆ. ಕೆಳತುದಿಯಲ್ಲಿ ಒಲೆಬಾಯಿಯ ಮೇಲ್ಭಾಗವನ್ನು ಶಾಖ ತಾಳುವ ಹಲಗೆಯಿಂದ ಮುಚ್ಚಿ, ಮೇಲ್ತುದಿಯನ್ನು ಕುಂಡಕ್ಕೆ ಬಿಗಿದು ಮಳೆ, ಹಕ್ಕಿ ಒಳಬಾರದಂಥ ಟೋಪಿ ಹಾಕಿದರೆ ಆಯಿತು. ಹೊರಗೋಡೆಯಲ್ಲಿರುವ, ಬೇಗ ತಣ್ಣಗಾಗುವ ಚಿಮಣಿಯಾದರೆ ಕೊಳವೆಯ ಸುತ್ತ ವರ್ಮಿಕ್ಯುಲೈಟ್ ಹರಳು ಸುರಿದು ಬೆಚ್ಚಗಿಡುವುದು ಒಳ್ಳೆಯದು. ಹೊಗೆ ತಣ್ಣಗಾದಷ್ಟೂ ಜಿಡ್ಡು ಹೆಚ್ಚು ಕಟ್ಟುತ್ತದೆ.

ತೆರೆದ ಬೆಂಕಿಗೆ ಈ ಸಪೂರ ಕೊಳವೆ ಸಾಲದು. ಅದಕ್ಕೆ ಸುಟ್ಟ ಮಣ್ಣಿನ ಅಥವಾ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ತುಂಡು ಕೊಳವೆಗಳಿವೆ. ಬಾಗಿದ ಕಡೆಗಳಲ್ಲೆಲ್ಲ ಗೋಡೆಗೆ ಕಿಂಡಿ ಕೊರೆದು ಒಂದರ ಮೇಲೊಂದು ಕೂರಿಸಬೇಕು, ಅಗಲ ಬಾಯಿ ಮೇಲಕ್ಕಿರಬೇಕು. ಧೂಳು, ಗದ್ದಲ ಬಹಳ. ಬಾಳಿಕೆಯೂ ಅಷ್ಟೇ ಹೆಚ್ಚು. ಇನ್ನೊಂದು ವಿಧಾನದಲ್ಲಿ ಉದ್ದನೆಯ ರಬ್ಬರ್ ಚೀಲವನ್ನು ಇಳಿಸಿ, ಗಾಳಿ ತುಂಬಿ, ಸುತ್ತಲಿನ ಖಾಲಿ ಜಾಗಕ್ಕೆ ಹಗುರ ಕಾಂಕ್ರೀಟ್ ಪಂಪ್ ಮಾಡುತ್ತಾರೆ. ಗಟ್ಟಿಯಾದ ಮೇಲೆ ಗಾಳಿ ಬಿಟ್ಟು ಚೀಲ ಎಳೆದರೆ ನುಣುಪಾದ ದುಂಡು ದಾರಿ ಉಳಿಯುತ್ತದೆ. ಒಳಗಿನ ಇಟ್ಟಿಗೆ ತಡೆಗಳು ಸಡಿಲವಾದ ಚಿಮಣಿಗೆ ಇದು ಬೆನ್ನುಮೂಳೆ ಕೊಟ್ಟಂತೆ. ಆದರೆ ಒಮ್ಮೆ ಸುರಿದದ್ದನ್ನು ಮರಳಿ ತೆಗೆಯಲಾಗದು.

ಗಾತ್ರದ ಲೆಕ್ಕ ತಪ್ಪಿದರೆ ಎಷ್ಟು ಒಳ್ಳೆಯ ಲೈನರ್ ಆದರೂ ಹೊಗೆ ಕೋಣೆಗೇ. ಇಂಗ್ಲೆಂಡಿನ ಕಟ್ಟಡ ನಿಯಮದ ಮಾರ್ಗಸೂಚಿ ಪ್ರಕಾರ ದೊಡ್ಡ ತೆರೆದ ಅಗ್ಗಿಷ್ಟಿಕೆಯ ಹೊಗೆದಾರಿಯ ವಿಸ್ತೀರ್ಣ ಒಲೆಬಾಯಿಯ ವಿಸ್ತೀರ್ಣದ ಶೇ. 15ರಷ್ಟಿರಬೇಕು. ಹಲಗೆ, ಇಟ್ಟಿಗೆ ಎಲ್ಲ ಕಿತ್ತ ಮೇಲೆ ಬಾಯಿ 800 ಮಿ.ಮೀ. ಅಗಲ, 700 ಮಿ.ಮೀ. ಎತ್ತರ ಸಿಕ್ಕಿತು ಎಂದಿಟ್ಟುಕೊಳ್ಳಿ. ಅದಕ್ಕೆ ಸುಮಾರು 325 ಮಿ.ಮೀ. ವ್ಯಾಸದ ದಾರಿ ಬೇಕು. ಮನೆಯಲ್ಲಿರುವುದು 230 ಮಿ.ಮೀ. ಚದರದ್ದು. ಆ ದಾರಿ ಸುಮಾರು 600 ಅಗಲ, 580 ಎತ್ತರದ ಬಾಯಿಯನ್ನಷ್ಟೇ ತಾಳುತ್ತದೆ. ಚೆಂದವೆಂದು ದೊಡ್ಡ ಬಾಯಿ ಬಿಟ್ಟವರ ಕೋಣೆಯಲ್ಲಿ ಹೊಗೆ ತುಂಬುವುದು ಹೀಗೆ. ವಿಜ್ಞಾನಿ ಕೌಂಟ್ ರಮ್‌ಫರ್ಡ್ 1796ರ ತನ್ನ ಪ್ರಬಂಧದಲ್ಲಿ ಹೇಳಿದ ಮದ್ದು ಇಂದಿಗೂ ಕೆಲಸ ಮಾಡುತ್ತದೆ: ಒಲೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಿ, ಹೊಗೆ ಒಳನುಗ್ಗುವ ಗಂಟಲನ್ನು ಕಿರಿದುಗೊಳಿಸಿ.

ಗಾಳಿ ಒಳಬರಲು ಕಿಂಡಿಯೂ ಬೇಕು. ಹಳೆಯ ಮನೆಯಲ್ಲಿ 5 ಕಿಲೋವ್ಯಾಟ್ ಮೀರಿದ ಸ್ಟೌಗೆ, ಮೀರಿದ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿ.ಮೀ.ನಷ್ಟು ಸದಾ ತೆರೆದ ಕಿಂಡಿ ಇಡಬೇಕು. ತೆರೆದ ಬೆಂಕಿಗೆ ಇನ್ನೂ ದೊಡ್ಡದು. ಇಲ್ಲಿ ಕನ್ನಡದ ಅಡುಗೆಮನೆಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಪೇಟೆಗಳಲ್ಲಿ ‘ಚಿಮ್ನಿ’ ಎಂದರೆ ಈಗ ಗ್ಯಾಸ್ ಒಲೆಯ ಮೇಲಿನ ಹೊಗೆ ಹೀರುವ ಯಂತ್ರ. ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಅದನ್ನು ಜೋರಾಗಿ ಹಾಕಿದರೆ ಅದು ಇಡೀ ಮನೆಯ ಗಾಳಿಯನ್ನು ಎಳೆಯುತ್ತದೆ, ಪಕ್ಕದ ಕೋಣೆಯ ಅಗ್ಗಿಷ್ಟಿಕೆಯ ಹೊಗೆಯನ್ನೂ ಕೆಳಕ್ಕೆ ಜಗ್ಗಬಹುದು. ಕೆಲಸ ಒಪ್ಪಿಸಿಕೊಳ್ಳುವ ದಿನ ಬಾಗಿಲು ಕಿಟಕಿ ಮುಚ್ಚಿ, ಆ ಯಂತ್ರ ಪೂರ್ಣ ವೇಗದಲ್ಲಿ ಓಡುತ್ತಿರುವಾಗಲೇ ಹೊಗೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಲೆಯಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿರಲಿ. ಸೂರಿಗೆ ಹಾಕಿದರೆ ಗೋಡೆಯಿಂದ 300 ಮಿ.ಮೀ. ಈಚೆಗೆ, ಗೋಡೆಗಾದರೆ ಬಾಗಿಲು ಕಿಟಕಿಗಳಿಗಿಂತ ಎತ್ತರದಲ್ಲಿ, ಸೂರಿನಿಂದ 150 ಮಿ.ಮೀ. ಕೆಳಗೆ. ಮುರಿಯಬಾರದ ನಿಯಮವೆಂದು ಒಂದನ್ನೇ ಆರಿಸಬೇಕಾದರೆ ಇದನ್ನೇ ಆರಿಸಬೇಕು.

ಇಂಗ್ಲೆಂಡಿನಲ್ಲಿ ಲೈನರ್ ಇಳಿಸುವುದು, ಸ್ಟೌ ಕೂರಿಸುವುದು ಕಟ್ಟಡ ನಿಯಂತ್ರಣ ಕಚೇರಿಗೆ ತಿಳಿಸಿ ಮಾಡಬೇಕಾದ ಕೆಲಸ. ಹೆಟಾಸ್‌ನಂಥ ಸಂಸ್ಥೆಯಲ್ಲಿ ನೋಂದಾಯಿತರಾದವರು ಮಾಡಿದರೆ ಅವರೇ ಪ್ರಮಾಣಪತ್ರ ಕೊಡುತ್ತಾರೆ. ಮನೆ ಮಾರುವ ದಿನ ಮೊದಲು ಕೇಳುವುದು ಆ ಕಾಗದವನ್ನೇ.

ಸೌದೆಯ ತೇವಾಂಶ ಶೇ. 20ಕ್ಕಿಂತ ಕಡಿಮೆ ಇರಬೇಕು. ಹತ್ತಿಪ್ಪತ್ತು ಪೌಂಡಿಗೆ ಅದನ್ನು ಅಳೆಯುವ ಉಪಕರಣ ಸಿಗುತ್ತದೆ. ಹಸಿ ಸೌದೆಯ ಹೊಗೆ ಕೊಳವೆಯಲ್ಲಿ ಕರಿ ಅಂಟಾಗಿ ಕೂರುತ್ತದೆ, ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಚಿಮಣಿಯೊಳಗೆ ರೈಲು ಬಂದಂಥ ಮೊರೆತ ಕೇಳಿದರೆ ಸ್ಟೌನ ಗಾಳಿಕಿಂಡಿ ಮುಚ್ಚಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ 999ಕ್ಕೆ ಕರೆ ಮಾಡಬೇಕು. ನೀರು ಎರಚಬಾರದು, ಕಾದ ಕೊಳವೆ, ಕುಂಡ ಸಿಡಿಯುತ್ತವೆ. ಸೌದೆ ಉರಿಸುವ ಮನೆಯ ಚಿಮಣಿಯನ್ನು ವರ್ಷಕ್ಕೆ ಎರಡು ಬಾರಿಯಾದರೂ ಗುಡಿಸಿದರೆ ಈ ಕರೆಯ ಅಗತ್ಯವೇ ಬಾರದಿರುವ ಸಂಭವ ಹೆಚ್ಚು.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಹಳೆಯ ಬಂಗಲೆಗಳಲ್ಲಿ, ಬೆಂಗಳೂರು ದಂಡು ಪ್ರದೇಶದ ಉಳಿದಿರುವ ಕೆಲವು ಮನೆಗಳಲ್ಲಿ ಇದೇ ಅಗ್ಗಿಷ್ಟಿಕೆಗಳಿವೆ. ಹೋಂಸ್ಟೇ ಮಾಡುವವರು ಅವನ್ನು ಮತ್ತೆ ತೆರೆಯುವುದೂ ಇದೆ. ಅಲ್ಲಿಯ ಮುಖ್ಯ ಶತ್ರು ಹಿಮವಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಗೂಡು ಕಟ್ಟುವುದೂ ಜಾಕ್‌ಡಾ ಅಲ್ಲ. ಜೇನು, ಬಾವಲಿ, ಅಳಿಲು. ಗುಡಿಸಿ, ಹೊಗೆ ಪರೀಕ್ಷೆ ಮಾಡಿ, ಸುಣ್ಣದ ಗಾರೆಯಲ್ಲಿ ಸಂದು ತುಂಬಿ, ತುದಿಗೆ ಟೋಪಿ ಇಡುವ ಕ್ರಮ ಮಾತ್ರ ಅದೇ. ಕಾಫಿ ಗಿಡದ, ಸಿಲ್ವರ್ ಓಕಿನ ಕಟ್ಟಿಗೆಯನ್ನು ಸೀಳಿ, ಒಂದು ಬೇಸಿಗೆಯಾದರೂ ಪೂರ್ತಿ ಒಣಗಿಸಿ, ಮಳೆಗೆ ಮುಂಚೆ ಗಾಳಿಯಾಡುವ ಸೂರಿನಡಿ ಒಟ್ಟಬೇಕು. ಚಿಮಣಿ ಸರಿಯಾಗುವ ತನಕ ಅತಿಥಿಗಳ ಕೋಣೆಗೆ ಇದ್ದಿಲ ಶೆಗಡಿ ಕೊಟ್ಟು ಬಾಗಿಲು ಹಾಕುವ ಉಪಾಯಕ್ಕೆ ಯಾರೂ ಹೋಗದಿರಲಿ. ಅದಕ್ಕೆ ಹೊಗೆದಾರಿಯೇ ಇಲ್ಲ. ಇದ್ದಿಲಿನ ಕೆಂಡದಷ್ಟು ಕಾರ್ಬನ್ ಮಾನಾಕ್ಸೈಡ್ ಬಿಡುವ ವಸ್ತು ಮನೆಯಲ್ಲಿ ಬೇರೊಂದು ಸಿಗುವುದು ಕಷ್ಟ.

ಇಂಗ್ಲೆಂಡಿನಲ್ಲಿ ಕೆಲಸ ಮುಗಿದ ಮೇಲೆ ವಿದ್ಯುತ್ ಮೀಟರಿನ ಬಳಿಯೋ ಒಲೆಯ ಪಕ್ಕದಲ್ಲೋ ಒಂದು ಸಣ್ಣ ಲೋಹದ ಫಲಕ ಹಾಕುತ್ತಾರೆ. ಯಾವ ಕೋಣೆಯ ಹೊಗೆದಾರಿ, ಯಾವ ಬಗೆಯ ಲೈನರ್, ಎಷ್ಟು ವ್ಯಾಸ, ಯಾವ ಇಂಧನಕ್ಕೆ ಸರಿ, ಯಾವ ದಿನಾಂಕ ಎಂದು ಅದರಲ್ಲಿ ಬರೆದಿರುತ್ತದೆ. ಅಂಥ ರೂಢಿ ನಮ್ಮ ತೋಟದ ಬಂಗಲೆಗಳಲ್ಲಿಲ್ಲ. ಆದರೆ ಮೀಟರ್ ಪೆಟ್ಟಿಗೆಯ ಬಾಗಿಲ ಒಳಗೆ ಇಷ್ಟೇ ಐದು ವಿವರಗಳನ್ನು ಕೊರೆದ ಒಂದು ತಗಡು ಹೊಡೆದಿಟ್ಟರೆ, ಮುಂದೆ ಬರುವ ಮೇಸ್ತ್ರಿ ಗೋಡೆ ತಟ್ಟಿ ಟೊಳ್ಳು ಹುಡುಕಬೇಕಾಗುವುದಿಲ್ಲ.